ನರಮಂಡಲದ ಪೋಷಕ ಕೋಶಗಳು: ವಿದ್ಯಾರ್ಥಿಗಳೂ ರೋಗಿಗಳ ಮನೆಯವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ನರ್ಸಿಂಗ್ ಮತ್ತು ಅರೆವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾಶಾಸ್ತ್ರ ಕಲಿಸುವ ಕೆಲಸ ನನ್ನದು. ನರಮಂಡಲದ ಪಾಠ ಬಂದಾಗ ನರಕೋಶಕ್ಕೆ ನಾಲ್ಕು ತರಗತಿ, ಪೋಷಕ ಕೋಶಗಳಿಗೆ ಅರ್ಧ ತರಗತಿ ಎಂಬ ಲೆಕ್ಕ ಬಹಳ ದಿನಗಳಿಂದ ನಡೆದುಬಂದಿದೆ. ಆದರೆ ಅದೇ ವಿದ್ಯಾರ್ಥಿಗಳು ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಹೋಗಿ ಕುಳಿತರೆ, ನರದ ತೊಂದರೆಯೆಂದು ಬರುವವರಲ್ಲಿ ಎಷ್ಟೋ ಜನರ ಕಾಯಿಲೆ ಆ ಅರ್ಧ ತರಗತಿಯ ಪಾಠಕ್ಕೇ ಸೇರಿರುವುದು ಕಾಣುತ್ತದೆ. ತರಗತಿಯಲ್ಲಿ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳನ್ನೂ ಆಸ್ಪತ್ರೆಯ ಅಂಗಳದಲ್ಲಿ ರೋಗಿಗಳ ಮನೆಯವರು ತಡೆದು ನಿಲ್ಲಿಸಿ ಕೇಳಿದ ಪ್ರಶ್ನೆಗಳನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಪೋಷಕ ಕೋಶಗಳು ಎಂದರೆ ಯಾವುವು?

ನರಮಂಡಲದಲ್ಲಿ ವಿದ್ಯುತ್ ಸಂಜ್ಞೆಯನ್ನು ಹುಟ್ಟಿಸಿ ದೂರಕ್ಕೆ ಸಾಗಿಸುವ ಕೋಶ ನರಕೋಶ, ಅಂದರೆ ನ್ಯೂರಾನ್. ಅದನ್ನು ಸುತ್ತುವರಿದು, ಅದಕ್ಕೆ ಆಹಾರ ಒದಗಿಸಿ, ಸಂಜ್ಞೆ ಸಾಗುವ ಅದರ ಉದ್ದನೆಯ ಎಳೆಗೆ, ಅಂದರೆ ತಂತುವಿಗೆ, ಹೊದಿಕೆ ಹಾಕಿ, ಅದರ ಸುತ್ತಲಿನ ದ್ರವವನ್ನು ಹದದಲ್ಲಿಟ್ಟು, ಕಸವನ್ನು ತೆಗೆದುಹಾಕುವ ಉಳಿದ ಕೋಶಗಳಿಗೆ ಒಟ್ಟಾಗಿ ಗ್ಲಿಯಾ ಅಥವಾ ಪೋಷಕ ಕೋಶಗಳು ಎನ್ನುತ್ತೇವೆ. ಮಿದುಳು ಮತ್ತು ಬೆನ್ನುಹುರಿಯಲ್ಲಿ ಆಸ್ಟ್ರೋಸೈಟ್, ಆಲಿಗೋಡೆಂಡ್ರೋಸೈಟ್, ಮೈಕ್ರೋಗ್ಲಿಯಾ ಮತ್ತು ಎಪೆಂಡಿಮಾ ಕೋಶಗಳಿವೆ. ಕೈಕಾಲು, ಮುಖ, ಹೊಟ್ಟೆಗೆ ಹೋಗುವ ಹೊರ ನರಗಳಲ್ಲಿ ಶ್ವಾನ್ ಕೋಶಗಳು ಮತ್ತು ಸ್ಯಾಟಲೈಟ್ ಕೋಶಗಳಿವೆ. ಆಲಿಗೋಡೆಂಡ್ರೋಸೈಟ್‌ಗಳಾಗಿ ಬೆಳೆಯಬಲ್ಲ ಎಳೆಯ ಕೋಶಗಳು ವಯಸ್ಕರ ಮಿದುಳಿನಲ್ಲೂ ಹರಡಿಕೊಂಡಿರುತ್ತವೆ. ಹಳೆಯ ಪಠ್ಯಪುಸ್ತಕಗಳಲ್ಲಿ ಇವುಗಳ ಹೆಸರೇ ಇರುವುದಿಲ್ಲ.

"ಪೋಷಕ" ಎಂಬ ಪದವನ್ನು ವಿದ್ಯಾರ್ಥಿಗಳು "ಸಹಾಯಕ" ಎಂದು ಓದಿಕೊಳ್ಳುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಸಹಾಯಕ ರಜೆ ಹಾಕಿದರೂ ಕೆಲಸ ಹೇಗೋ ನಡೆಯುತ್ತದೆ. ಈ ಕೋಶಗಳು ಕೆಲಸ ನಿಲ್ಲಿಸಿದರೆ ನರಕೋಶ ಬದುಕಿರುವುದೇ ಕಷ್ಟ.

ಗ್ಲಿಯಾ ಎಂದರೆ ಅಂಟು ಎಂದು ಪುಸ್ತಕದಲ್ಲಿದೆ. ಈ ಹೆಸರು ಏಕೆ ಬಂತು?

ಜರ್ಮನಿಯ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಖೋ 19ನೆಯ ಶತಮಾನದ ಮಧ್ಯದಲ್ಲಿ, ನರಕೋಶಗಳ ನಡುವಿನ ಜಾಗವನ್ನು ತುಂಬಿ ಹಿಡಿದಿಡುವ ಒಂದು ಪದಾರ್ಥವಿದೆಯೆಂದು ಭಾವಿಸಿ ಅದಕ್ಕೆ ನ್ಯೂರೋಗ್ಲಿಯಾ ಎಂದು ಹೆಸರಿಟ್ಟರು. ಗ್ಲಿಯಾ ಎಂಬುದು ಅಂಟು ಎಂಬ ಅರ್ಥದ ಗ್ರೀಕ್ ಪದ. ಆ ಕಾಲದಲ್ಲಿ ಕೋಶಗಳನ್ನು ಬಿಡಿಬಿಡಿಯಾಗಿ ನೋಡಲು ತಕ್ಕ ಬಣ್ಣ ಇರಲಿಲ್ಲವಾದ್ದರಿಂದ ಈ ತಪ್ಪು ಸಹಜವಾಗಿಯೇ ಇತ್ತು.

ಬಣ್ಣ ಸಿಕ್ಕಿದ್ದು 1873ರಲ್ಲಿ. ಇಟಲಿಯ ಕಮಿಲ್ಲೋ ಗಾಲ್ಜಿ, ಆಸ್ಪತ್ರೆಯೊಂದರ ಅಡುಗೆಕೋಣೆಯನ್ನೇ ಪ್ರಯೋಗಾಲಯ ಮಾಡಿಕೊಂಡು, ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ಗಟ್ಟಿ ಮಾಡಿದ ಮಿದುಳಿನ ತುಂಡನ್ನು ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ ನೋಡಿದರು. ಬೀದರಿನಿಂದ ಬಂದ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸುವುದು ಸುಲಭ. ಬಿದರಿ ಕಲೆಯಲ್ಲಿ ಸತು ಮತ್ತು ತಾಮ್ರದ ಪಾತ್ರೆಯ ಮೇಲೆ ಕೊರೆದ ಗೆರೆಗಳಿಗೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನಲ್ಲಿ ಹಾಕಿದರೆ ಲೋಹವೆಲ್ಲ ಕಪ್ಪಾಗಿ ಬೆಳ್ಳಿಯ ಕುಸುರಿ ಮಾತ್ರ ಬೆಳ್ಳಗೆ ಎದ್ದು ಕಾಣುತ್ತದೆ. ಗಾಲ್ಜಿಯವರ ವಿಧಾನದಲ್ಲಿ ಇದೆಲ್ಲ ತಿರುವುಮುರುವು: ಕೋಶದೊಳಗೆ ಕೂತ ಬೆಳ್ಳಿಯ ಲವಣವೇ ಕಪ್ಪಾಗುತ್ತದೆ, ಸುತ್ತಲಿನ ನೆಲ ಹಳದಿಯಾಗಿ ಉಳಿಯುತ್ತದೆ. ನೂರಾರು ಕೋಶಗಳಲ್ಲಿ ಯಾವುವೋ ಕೆಲವು ಮಾತ್ರ ಹೀಗೆ ಕಪ್ಪಾಗುವುದರಿಂದಲೇ ಒಂದೊಂದು ಕೋಶದ ಪೂರ್ತಿ ಆಕಾರ, ಅದರ ಕಡೆಯ ಎಳೆಯವರೆಗೆ, ಕಣ್ಣಿಗೆ ಬಿತ್ತು. ಅಂಟು ಎಂದುಕೊಂಡ ಜಾಗದಲ್ಲಿ ಕೈಕಾಲು ಚಾಚಿದ ಕೋಶಗಳಿದ್ದವು.

ಸ್ಪೇನಿನ ಸಾಂಟಿಯಾಗೋ ರಮೋನ್ ಇ ಕಹಾಲ್ ಈ ವಿಧಾನವನ್ನು ತಿದ್ದಿ ಬೆಳೆಸಿದರು. 1906ರ ನೊಬೆಲ್ ಬಹುಮಾನವನ್ನು ಅವರೂ ಗಾಲ್ಜಿಯವರೂ ಹಂಚಿಕೊಂಡರು. ಕಹಾಲರ ಬಳಿಯೇ ಕೆಲಸ ಮಾಡಿದ ಪಿಯೋ ಡೆಲ್ ರಿಯೋ ಹೊರ್ಟೇಗಾ 1919ರಲ್ಲಿ ಮೈಕ್ರೋಗ್ಲಿಯಾವನ್ನೂ, ಅದರ ಬೆನ್ನಿಗೇ ಆಲಿಗೋಡೆಂಡ್ರೋಸೈಟನ್ನೂ ಬೇರ್ಪಡಿಸಿ ತೋರಿಸಿದರು. ಅಂಟಲ್ಲ ಎಂದು ಗೊತ್ತಾಗಿ ನೂರು ವರ್ಷ ಕಳೆದರೂ ಹೆಸರು ಮಾತ್ರ ಅಂಟಿಕೊಂಡೇ ಉಳಿದಿದೆ.

ಪೋಷಕ ಕೋಶಗಳು ನರಕೋಶಗಳಿಗಿಂತ ಹತ್ತು ಪಟ್ಟು ಹೆಚ್ಚು ಎನ್ನುವುದು ನಿಜವೇ?

ನಿಜವಲ್ಲ. ಬ್ರೆಜಿಲ್ ದೇಶದ ವಿಜ್ಞಾನಿಗಳು ಮಿದುಳನ್ನು ಕರಗಿಸಿ, ಕೋಶಕೇಂದ್ರಗಳನ್ನು ಬಿಡಿಸಿ ಎಣಿಸಿ 2009ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ, ಉಳಿದ ಕೋಶಗಳೆಲ್ಲ ಸೇರಿ ಹೆಚ್ಚುಕಡಿಮೆ ಅಷ್ಟೇ ಇವೆ. ಜಾಗದಿಂದ ಜಾಗಕ್ಕೆ ಈ ಅನುಪಾತ ಬದಲಾಗುತ್ತದೆ: ಹಿಮ್ಮಿದುಳಿನಲ್ಲಿ ನರಕೋಶಗಳದೇ ಮೇಲುಗೈ, ದೊಡ್ಡ ಮಿದುಳಿನ ಹೊರಪದರ ಮತ್ತು ಅದರ ಕೆಳಗಿನ ಬಿಳಿಭಾಗದಲ್ಲಿ ಪೋಷಕ ಕೋಶಗಳದು. ಹತ್ತು ಪಟ್ಟು ಎಂಬ ಅಂಕಿ ಈಗಲೂ ಕೆಲವು ಗೈಡುಗಳಲ್ಲಿದೆ. ಅದನ್ನು ಬಾಯಿಪಾಠ ಮಾಡಬೇಡಿ.

ಆಸ್ಟ್ರೋಸೈಟ್ ಇಷ್ಟೊಂದು ಕೆಲಸ ಮಾಡುತ್ತದೆ ಎನ್ನುತ್ತೀರಿ. ಮುಖ್ಯವಾದದ್ದು ಯಾವುದು?

ಒಂದನ್ನೇ ಆರಿಸಬೇಕೆಂದರೆ ನಾನು ಗ್ಲುಟಮೇಟ್ ತೆಗೆಯುವ ಕೆಲಸವನ್ನು ಆರಿಸುತ್ತೇನೆ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಸಂಧಿಗೆ ಸಿನಾಪ್ಸ್ ಎಂದು ಹೆಸರು. ಅಲ್ಲಿ ಬಿಡುಗಡೆಯಾಗುವ ರಾಸಾಯನಿಕಗಳಲ್ಲಿ ಗ್ಲುಟಮೇಟ್ ಅತಿ ಸಾಮಾನ್ಯವಾದದ್ದು. ಸುದ್ದಿ ಮುಟ್ಟಿದ ಕೂಡಲೇ ಅದನ್ನು ಅಲ್ಲಿಂದ ತೆಗೆಯದಿದ್ದರೆ ಎದುರಿನ ನರಕೋಶ ಉದ್ರೇಕಗೊಳ್ಳುತ್ತಲೇ ಹೋಗಿ ಕೊನೆಗೆ ಸಾಯುತ್ತದೆ. ಆ ಸಂಧಿಯನ್ನು ತಬ್ಬಿಕೊಂಡಿರುವ ಆಸ್ಟ್ರೋಸೈಟ್ ಕ್ಷಣಾರ್ಧದಲ್ಲಿ ಗ್ಲುಟಮೇಟನ್ನು ಒಳಗೆಳೆದುಕೊಂಡು, ಅದಕ್ಕೆ ಅಮೋನಿಯಾ ಸೇರಿಸಿ ನಿರಪಾಯಕಾರಿಯಾದ ಗ್ಲುಟಮಿನ್ ಮಾಡಿ, ನರಕೋಶಕ್ಕೇ ಮರಳಿಸುತ್ತದೆ. ಮನುಷ್ಯನ ಒಂದು ಆಸ್ಟ್ರೋಸೈಟ್ ಸುಮಾರು 20 ಲಕ್ಷದವರೆಗೆ ಇಂಥ ಸಂಧಿಗಳನ್ನು ನೋಡಿಕೊಳ್ಳಬಲ್ಲದೆಂದು ಅಂದಾಜಿದೆ.

ಈ ರಸಾಯನಕ್ರಿಯೆ ಕೆಟ್ಟಾಗ ಏನಾಗುತ್ತದೆ ಎಂಬುದನ್ನು ವಾರ್ಡಿನಲ್ಲೇ ನೋಡಬಹುದು. ಕುಡಿತದಿಂದಲೋ ಕಾಮಾಲೆಯಿಂದಲೋ ಯಕೃತ್ತು ಪೂರ್ತಿ ಸೋತಾಗ ರಕ್ತದಲ್ಲಿ ಅಮೋನಿಯಾ ಏರುತ್ತದೆ. ಮಿದುಳಿನಲ್ಲಿ ಅದನ್ನು ಗ್ಲುಟಮಿನ್ ಆಗಿ ಬದಲಿಸಿ ನಿಭಾಯಿಸುವ ಹೊಣೆ ಆಸ್ಟ್ರೋಸೈಟಿನದೇ ಆದ್ದರಿಂದ ಗ್ಲುಟಮಿನ್ ಅದರೊಳಗೇ ತುಂಬಿ, ನೀರನ್ನು ಎಳೆದುಕೊಂಡು, ಕೋಶ ಊದಿಕೊಳ್ಳುತ್ತದೆ. ರೋಗಿ ಹಗಲು ನಿದ್ದೆ ಮಾಡಿ ರಾತ್ರಿ ಎದ್ದಿರುತ್ತಾನೆ, ಮಾತು ತೊದಲುತ್ತದೆ, ಮುಂದೆ ಚಾಚಿ ಹಿಡಿಯೆಂದ ಕೈ ರೆಕ್ಕೆ ಬಡಿದಂತೆ ಜೋಲುತ್ತದೆ. "ತಲಿ ಕೆಟ್ಟಂಗ ಮಾಡಾಕತ್ತಾನ್ರಿ" ಎಂದು ಮನೆಯವರು ಹೇಳುವ ಈ ಸ್ಥಿತಿಗೆ ಮೂಲ ಯಕೃತ್ತಿನಲ್ಲಿದೆ, ಪೆಟ್ಟು ಬಿದ್ದಿರುವುದು ಆಸ್ಟ್ರೋಸೈಟಿಗೆ.

ಇದಲ್ಲದೆ ನರಕೋಶಗಳು ಹೊರಚೆಲ್ಲುವ ಪೊಟ್ಯಾಸಿಯಮ್ಮನ್ನು ಹೀರಿಕೊಂಡು ಹಂಚುವುದು, ಗ್ಲೈಕೋಜನ್ ರೂಪದಲ್ಲಿ ಸ್ವಲ್ಪ ಶಕ್ತಿಯನ್ನು ಕೂಡಿಟ್ಟುಕೊಳ್ಳುವುದು, ದುಡಿಯುವ ಭಾಗಕ್ಕೆ ರಕ್ತದ ಹರಿವನ್ನು ಹೊಂದಿಸುವುದು ಅದರ ಕೆಲಸಗಳೇ. ಪರೀಕ್ಷೆ ಬರೆಯುವವರಿಗೆ ಒಂದು ಎಚ್ಚರಿಕೆ: ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆಯನ್ನು ಆಸ್ಟ್ರೋಸೈಟೇ ಕಟ್ಟುತ್ತದೆ ಎಂದು ಬರೆದರೆ ಅದು ಅರ್ಧ ಸತ್ಯ. ಗೋಡೆಯಾಗಿ ನಿಂತಿರುವುದು ರಕ್ತನಾಳದ ಒಳಪದರದ ಕೋಶಗಳ ಬಿಗಿ ಬೆಸುಗೆ. ಆಸ್ಟ್ರೋಸೈಟಿನ ಪಾದಗಳು ಹೊರಗಿನಿಂದ ಆ ನಾಳವನ್ನು ಸುತ್ತುವರಿದು ಬೆಸುಗೆ ಸಡಿಲವಾಗದಂತೆ ನೋಡಿಕೊಳ್ಳುತ್ತವೆ.

ತಂತುವಿನ ಹೊದಿಕೆಯಾದ ಮೈಲಿನ್ ಪೊರೆ ಇದ್ದರೆ ಸಂಜ್ಞೆ ಏಕೆ ವೇಗವಾಗಿ ಹೋಗುತ್ತದೆ?

ಇದನ್ನು ನಿಮ್ಮ ಕಾಲಿನಲ್ಲೇ ಪರೀಕ್ಷಿಸಿರುತ್ತೀರಿ. ನಮ್ಮ ಕಡೆಯ ಮನೆಗಳಲ್ಲಿ ಶಹಾಬಾದ ಫರಸಿ ಹಾಸಿದ ನೆಲ ಸಾಮಾನ್ಯ; ಒಂದು ಕಲ್ಲು ಒಂದಿಷ್ಟು ಮೇಲೆದ್ದಿದ್ದರೂ ಅದಕ್ಕೆ ಹೆಬ್ಬೆರಳು ಎಡವುತ್ತದೆ. ಎಡವಿದ್ದು ಆ ಕ್ಷಣವೇ ತಿಳಿಯುತ್ತದೆ, ಆದರೆ ಕಣ್ಣಲ್ಲಿ ನೀರು ತರಿಸುವ ಉರಿ ಒಂದು ಉಸಿರಿನಷ್ಟು ತಡವಾಗಿ ಬರುತ್ತದೆ. "ಈಗ ಬರ್ತದ ನೋಡು" ಎಂದು ಕಾಲು ಹಿಡಿದುಕೊಂಡು ಕಾಯುವ ಆ ಅಂತರವೇ ಮೈಲಿನ್ ಇರುವ ತಂತುವಿಗೂ ಇಲ್ಲದ ತಂತುವಿಗೂ ಇರುವ ವ್ಯತ್ಯಾಸ. ಸ್ಪರ್ಶವನ್ನು ಒಯ್ಯುವ ದಪ್ಪ ತಂತುಗಳಿಗೆ ಮೈಲಿನ್ ಇದೆ, ಅವು ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ ಸಾಗಿಸುತ್ತವೆ. ಉರಿಯನ್ನು ಒಯ್ಯುವ ಸಣ್ಣ ತಂತುಗಳಿಗೆ ಮೈಲಿನ್ ಇಲ್ಲ, ಅವುಗಳ ವೇಗ ಸೆಕೆಂಡಿಗೆ ಅರ್ಧದಿಂದ ಎರಡು ಮೀಟರ್ ಮಾತ್ರ. ನಮ್ಮಲ್ಲಿ ಅತಿ ವೇಗದ ತಂತುಗಳು ಸೆಕೆಂಡಿಗೆ ಸುಮಾರು 120 ಮೀಟರ್ ಮುಟ್ಟುತ್ತವೆ.

ಮೈಲಿನ್ ಎಂಬುದು ಪೋಷಕ ಕೋಶದ ಹೊರಪೊರೆಯೇ. ಆ ಕೋಶ ತನ್ನ ಪೊರೆಯನ್ನು ತಂತುವಿನ ಸುತ್ತ ರುಮಾಲಿನಂತೆ ಸುತ್ತುತ್ತ ಸುತ್ತುತ್ತ ಒಳಗಿನ ದ್ರವವನ್ನೆಲ್ಲ ಹಿಂಡಿ ತೆಗೆದು, ಕೊಬ್ಬಿನಂಶ ಹೆಚ್ಚಿರುವ ಬಿಗಿಯಾದ ಪದರಗಳನ್ನು ಉಳಿಸುತ್ತದೆ. ಒಂದು ಸುತ್ತುಕಟ್ಟಿಗೂ ಮುಂದಿನದಕ್ಕೂ ನಡುವೆ ಸಣ್ಣ ತೆರಪು ಇರುತ್ತದೆ, ಫ್ರಾನ್ಸಿನ ರಾನ್ವಿಯೆ ಗುರುತಿಸಿದ್ದರಿಂದ ಅದಕ್ಕೆ ರಾನ್ವಿಯೆ ಗಂಟು ಎಂದು ಹೆಸರು. ಸೋಡಿಯಂ ಒಳನುಗ್ಗುವ ಬಾಗಿಲುಗಳು ಈ ತೆರಪುಗಳಲ್ಲೇ ದಟ್ಟವಾಗಿರುವುದರಿಂದ ಸಂಜ್ಞೆ ಪ್ರತಿ ಇಂಚಿನಲ್ಲೂ ಹೊಸದಾಗಿ ಹುಟ್ಟಬೇಕಿಲ್ಲ, ಒಂದು ಗಂಟಿನಿಂದ ಇನ್ನೊಂದು ಗಂಟಿಗೆ ನೆಗೆದು ಹೋಗುತ್ತದೆ. ಇದರಿಂದ ವೇಗವೂ ಸಿಗುತ್ತದೆ, ಶಕ್ತಿಯೂ ಉಳಿಯುತ್ತದೆ. ಮೈಲಿನ್ ಇಲ್ಲದ ಸ್ಕ್ವಿಡ್ ಎಂಬ ಕಡಲಜೀವಿ ಸೆಕೆಂಡಿಗೆ ಸುಮಾರು 25 ಮೀಟರ್ ವೇಗಕ್ಕಾಗಿ ತನ್ನ ತಂತುವನ್ನು ಅರ್ಧ ಮಿಲಿಮೀಟರಿಗೂ ಮಿಕ್ಕಿ ದಪ್ಪ ಮಾಡಿಕೊಳ್ಳಬೇಕಾಯಿತು. ಅದರ ಹಲವು ಪಟ್ಟು ವೇಗದ ನಮ್ಮ ತಂತು ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗವನ್ನು ಮೀರುವುದಿಲ್ಲ.

ಹುಟ್ಟಿದ ಕೂಸಿನಲ್ಲಿ ಈ ಹೊದಿಕೆಯ ಕೆಲಸ ಇನ್ನೂ ಬಹಳ ಬಾಕಿ ಇರುತ್ತದೆ. ಮಗು ಕತ್ತು ನಿಲ್ಲಿಸುವುದು, ಕೂರುವುದು, ಅಂಬೆಗಾಲಿಟ್ಟು ನಡೆಯುವುದು ಆ ಕ್ರಮದಲ್ಲೇ ಬರುವುದಕ್ಕೆ ಮೈಲಿನ್ ಕೂಡುತ್ತ ಹೋಗುವುದೂ ಒಂದು ಕಾರಣ. ಮಿದುಳಿನ ಮುಂಭಾಗದಲ್ಲಿ ಈ ಕೆಲಸ ಇಪ್ಪತ್ತು ವಯಸ್ಸು ದಾಟಿದ ಮೇಲೂ ನಡೆದಿರುತ್ತದೆ.

ಶ್ವಾನ್ ಕೋಶ ಮತ್ತು ಆಲಿಗೋಡೆಂಡ್ರೋಸೈಟ್ ಎರಡೂ ಮೈಲಿನ್ ಮಾಡುತ್ತವೆ. ವ್ಯತ್ಯಾಸವೇನು?

ಶ್ವಾನ್ ಕೋಶ ಹೊರ ನರಗಳಲ್ಲಿದ್ದು ಒಂದು ತಂತುವಿನ ಒಂದೇ ತುಣುಕಿಗೆ ಹೊದಿಕೆ ಹಾಕುತ್ತದೆ. ಆಲಿಗೋಡೆಂಡ್ರೋಸೈಟ್ ಮಿದುಳು ಮತ್ತು ಬೆನ್ನುಹುರಿಯಲ್ಲಿದ್ದು ಹಲವು ಕೈಗಳನ್ನು ಚಾಚಿ ಐವತ್ತರವರೆಗೂ ತುಣುಕುಗಳಿಗೆ ಹೊದಿಸಬಲ್ಲದು. ಎರಡು ಅಂಕದ ಉತ್ತರಕ್ಕೆ ಇಷ್ಟು ಸಾಕು.

ರೋಗಿಗೆ ಮುಖ್ಯವಾಗುವ ವ್ಯತ್ಯಾಸ ಬೇರೆ. ಕುಡುಗೋಲು ತಾಗಿ ಮೊಣಕೈ ಬಳಿ ನರ ಕತ್ತರಿಸಿದರೆ, ಅದನ್ನು ಹೊಲಿದು ಸೇರಿಸಿದಾಗ, ಶ್ವಾನ್ ಕೋಶಗಳು ಹಳೆಯ ಮೈಲಿನ್ನಿನ ಚೂರುಗಳನ್ನು ತೆಗೆದುಹಾಕಿ, ಸಾಲಾಗಿ ನಿಂತು ಹೊಸ ಚಿಗುರಿಗೆ ದಾರಿ ಮಾಡಿಕೊಡುತ್ತವೆ. ಚಿಗುರು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಮೊಣಕೈಯಿಂದ ಬೆರಳ ತುದಿಗೆ 40 ಸೆಂಟಿಮೀಟರ್ ಎಂದರೆ ಒಂದು ವರ್ಷಕ್ಕೂ ಹೆಚ್ಚು. ಮೂರು ತಿಂಗಳಿಗೆ ಸ್ಪರ್ಶ ಬರಲಿಲ್ಲವೆಂದು ವೈದ್ಯರನ್ನು ಬೈದು ವ್ಯಾಯಾಮ ಬಿಡುವವರು ಈ ಲೆಕ್ಕವನ್ನು ನೆನಪಿಡಬೇಕು. ಬೆನ್ನುಹುರಿಯಲ್ಲಿ ಇಂಥ ಅನುಕೂಲವಿಲ್ಲ. ಅಲ್ಲಿ ಮೈಲಿನ್ ಚೂರುಗಳು ಬಹುಕಾಲ ಉಳಿಯುತ್ತವೆ, ಆ ಮೈಲಿನ್ನಿನಲ್ಲೇ ಚಿಗುರನ್ನು ತಡೆಯುವ ಪ್ರೋಟೀನುಗಳಿವೆ, ಗಾಯದ ಸುತ್ತ ಆಸ್ಟ್ರೋಸೈಟುಗಳು ಕಲೆ ಕಟ್ಟುತ್ತವೆ. ಈ ಕಲೆ ಬರೀ ಅಡ್ಡಿಯೆಂದೇ ಬಹುಕಾಲ ಪಾಠ ಮಾಡಿದೆವು. 2016ರಲ್ಲಿ ಇಲಿಗಳಲ್ಲಿ ನಡೆದ ಅಧ್ಯಯನವೊಂದು ಕಲೆಯನ್ನು ತಡೆದರೆ ಚಿಗುರಿಗೆ ಅನುಕೂಲವಾಗುವುದಿಲ್ಲವೆಂದು ತೋರಿಸಿದ ಮೇಲೆ ಆ ಪಾಠವನ್ನು ತಿದ್ದಿಕೊಳ್ಳಬೇಕಾಗಿ ಬಂತು.

ಮೈಕ್ರೋಗ್ಲಿಯಾ ನರಕೋಶಗಳ ಕುಲಕ್ಕೆ ಸೇರಿಲ್ಲ ಎನ್ನುತ್ತಾರಲ್ಲ?

ಹೌದು, ಅದು ಹೊರಗಿನಿಂದ ಬಂದು ನೆಲೆ ನಿಂತದ್ದು. ಭ್ರೂಣದ ಆರಂಭದಲ್ಲೇ ಅದಕ್ಕೆ ಅಂಟಿಕೊಂಡಿರುವ ಹಳದಿಚೀಲದಲ್ಲಿ (ಯೋಕ್ ಸ್ಯಾಕ್) ಹುಟ್ಟಿ ಮಿದುಳಿಗೆ ವಲಸೆ ಬಂದು, ಆಮೇಲೆ ಅಲ್ಲೇ ತನ್ನ ಸಂತತಿಯನ್ನು ಬೆಳೆಸಿಕೊಳ್ಳುತ್ತದೆ. ಇದು ಮಿದುಳಿನ ರಕ್ಷಣಾ ಕೋಶ. ಗಾಯವಾದಾಗ ಮಾತ್ರ ಏಳುವ ಸೋಮಾರಿ ಕಾವಲುಗಾರನೆಂದು ಇದನ್ನು ಭಾವಿಸಿದ್ದರು. 2005ರಲ್ಲಿ ಬದುಕಿರುವ ಇಲಿಯ ಮಿದುಳಿನಲ್ಲೇ ಇದನ್ನು ನೋಡಿದಾಗ, ಶಾಂತವಾಗಿರುವಾಗಲೂ ತನ್ನ ಎಳೆಗಳನ್ನು ಚಾಚುತ್ತ ಹಿಂದೆಳೆಯುತ್ತ ಸುತ್ತಲಿನ ಜಾಗವನ್ನು ಎಡೆಬಿಡದೆ ತಡಕುತ್ತಿರುವುದು ಕಂಡಿತು. ಬೆಳೆಯುವ ಮಿದುಳಿನಲ್ಲಿ ಬಳಕೆಯಾಗದ ಸಿನಾಪ್ಸ್‌ಗಳನ್ನು ನುಂಗಿಹಾಕುವುದೂ ಇದರ ಕೆಲಸ. ಒತ್ತಾಗಿ ಬಿದ್ದ ತೊಗರಿಯನ್ನು ಕಿತ್ತು ತೆಳು ಮಾಡಿದರೆ ಉಳಿದ ಗಿಡಗಳು ಕೊಂಬೆ ಹೊಡೆಯುವುದನ್ನು ನೋಡಿದ ರೈತರ ಮಕ್ಕಳಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ.

ಎಪೆಂಡಿಮಾ ಮತ್ತು ಸ್ಯಾಟಲೈಟ್ ಕೋಶಗಳ ಬಗ್ಗೆ ಏನು ಬರೆಯಬೇಕು?

ಎಪೆಂಡಿಮಾ ಕೋಶಗಳು ಮಿದುಳಿನೊಳಗಿನ ಕುಹರಗಳಿಗೂ ಬೆನ್ನುಹುರಿಯ ನಡುನಾಳಕ್ಕೂ ಒಳಪದರವಾಗಿವೆ. ಅವುಗಳ ಮೇಲಿನ ಸಣ್ಣ ರೋಮಗಳು ಮಿದುಳುದ್ರವವನ್ನು ಅಲುಗಿಸುತ್ತವೆ. ಇದೇ ಪದರದ ಮಾರ್ಪಟ್ಟ ಕೋಶಗಳು ರಕ್ತನಾಳಗಳ ಗೊಂಚಲಿನ ಮೇಲೆ ಕುಳಿತು ದಿನಕ್ಕೆ ಸುಮಾರು 500 ಮಿಲಿಲೀಟರ್ ದ್ರವವನ್ನು ತಯಾರಿಸುತ್ತವೆ. ಒಂದು ಹೊತ್ತಿಗೆ ಒಳಗಿರುವುದು ಸುಮಾರು 150 ಮಿಲಿಲೀಟರ್ ಮಾತ್ರ, ಅಂದರೆ ದಿನಕ್ಕೆ ಮೂರು ಸಲ ಹೊಸದಾಗುತ್ತದೆ. ದಾರಿ ಕಟ್ಟಿದರೆ ಕೂಸಿನ ತಲೆ ದೊಡ್ಡದಾಗುತ್ತ ಹೋಗುತ್ತದೆ. ಸ್ಯಾಟಲೈಟ್ ಕೋಶಗಳು ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ನರಕೋಶದ ಒಡಲನ್ನು ಸುತ್ತುವರಿದಿರುತ್ತವೆ.

ನಿದ್ದೆಯಲ್ಲಿ ಮಿದುಳು ತೊಳೆದುಕೊಳ್ಳುತ್ತದೆ ಎಂಬ ಸುದ್ದಿಯ ಬಗ್ಗೆಯೂ ಕೇಳುತ್ತಾರೆ. ಆಸ್ಟ್ರೋಸೈಟಿನ ಪಾದಗಳಲ್ಲಿರುವ ನೀರಿನ ಕಾಲುವೆಗಳ ನೆರವಿನಿಂದ ಈ ದ್ರವ ರಕ್ತನಾಳಗಳ ಗುಂಟ ಹರಿದು ಕಸವನ್ನು ಒಯ್ಯುತ್ತದೆಯೆಂದು 2012ರಲ್ಲಿ ಇಲಿಗಳ ಮೇಲಿನ ಅಧ್ಯಯನ ಸೂಚಿಸಿತು, ನಿದ್ದೆಯಲ್ಲಿ ಅದು ಹೆಚ್ಚುತ್ತದೆಯೆಂದು ಮರುವರ್ಷ ಇನ್ನೊಂದು ಹೇಳಿತು. ಬೀದರಿನ ನೌಬಾದಿನ ಸುರಂಗ ಬಾವಿಯಲ್ಲಿ ಕಣ್ಣಿಗೆ ಕಾಣದೆ ನೆಲದಡಿ ನೀರು ಸಾಗುವ ಹಾಗೆ ಇದೂ ಸಾಗುತ್ತದೆಂದು ನಾನೂ ಒಂದೆರಡು ವರ್ಷ ಉತ್ಸಾಹದಿಂದ ಪಾಠ ಮಾಡಿದೆ. 2024ರಲ್ಲಿ ನಿದ್ದೆಯಲ್ಲಿ ಈ ಹರಿವು ಕಡಿಮೆಯಾಗುತ್ತದೆಂಬ ವಿರುದ್ಧ ಫಲಿತಾಂಶವೂ ಬಂದಿದ್ದರಿಂದ ಈಗ ಧ್ವನಿ ತಗ್ಗಿಸಿ ಹೇಳುತ್ತೇನೆ.

ನಾವು ಶುದ್ಧ ಶಾಕಾಹಾರಿಗಳು. ಬಿ12 ಕಡಿಮೆಯಾದರೆ ನರ ಕೆಡುತ್ತದೆ ಎನ್ನುವುದು ನಿಜವೇ?

ನಿಜ, ಮತ್ತು ನಮ್ಮ ಜಿಲ್ಲೆಗಳಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬಿ12 ಜೀವಸತ್ವ ಮಾಂಸ, ಮೀನು, ಮೊಟ್ಟೆ, ಹಾಲು ಮತ್ತು ಹಾಲಿನ ಪದಾರ್ಥಗಳಲ್ಲಿ ಮಾತ್ರ ಸಹಜವಾಗಿ ಸಿಗುತ್ತದೆ. ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎಲ್ಲವೂ ಒಳ್ಳೆಯ ಆಹಾರವೇ, ಆದರೆ ಇವುಗಳಲ್ಲಿ ಬಿ12 ಇಲ್ಲ. ಹಾಲು ಮೊಸರನ್ನು ಮಕ್ಕಳಿಗೆ ಗಂಡಸರಿಗೆ ಬಡಿಸಿ ತಾವು ನೀರುಮಜ್ಜಿಗೆಯಲ್ಲಿ ಊಟ ಮುಗಿಸುವ ಹಿರಿಯ ಹೆಣ್ಣುಮಕ್ಕಳಿಗೆ ಕೊರತೆ ಬೇಗ ತಟ್ಟುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ, ಎದೆಯುರಿಗೆಂದು ಆಮ್ಲ ತಗ್ಗಿಸುವ ಗುಳಿಗೆಯನ್ನು ಬಿಡದೆ ತೆಗೆದುಕೊಳ್ಳುವವರಲ್ಲಿ ಬಿ12 ಹೀರಿಕೆಯೇ ಕಡಿಮೆಯಾಗುತ್ತದೆ.

ಮೈಲಿನ್ನನ್ನು ಕಟ್ಟಲು ಮತ್ತು ಸುಸ್ಥಿತಿಯಲ್ಲಿಡಲು ಬಿ12 ಬೇಕು. ಅದಿಲ್ಲದಾಗ ಬೆನ್ನುಹುರಿಯ ಹಿಂಭಾಗದಲ್ಲಿ, ಕಾಲು ಎಲ್ಲಿದೆ ಹೇಗಿದೆ ಎಂಬ ಸುದ್ದಿಯನ್ನು ಮೇಲಕ್ಕೊಯ್ಯುವ ತಂತುಗಳ ಹೊದಿಕೆ ಮೊದಲು ಕೆಡುತ್ತದೆ. ಅಫಜಲಪುರದ ಕಡೆಯಿಂದ ಬಂದಿದ್ದ ಒಬ್ಬ ಅಜ್ಜಿ ತನ್ನ ತೊಂದರೆಯನ್ನು ಹೇಳಿದ ರೀತಿಯನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತೇನೆ: "ಕಾಲ ಜುಮ್ ಜುಮ್ ಅಂತಾವ್ರಿ, ಚಪ್ಪಲಿ ಜಾರಿ ಹಿಂದ ಬಿದ್ದದ್ದೂ ಗೊತ್ತಾಗಂಗಿಲ್ಲ. ಮಾರಿ ತೊಳಕೊಳ್ಳಾಕ ಕಣ್ಣ ಮುಚ್ಚಿದರ ತೋಲ ತಪ್ಪತದ." ಸಾಬೂನು ಹಚ್ಚಿ ಕಣ್ಣು ಮುಚ್ಚಿದಾಗ ಬೀಳುವುದಕ್ಕೆ ಕಾರಣ, ಕಾಲಿನಿಂದ ಬರಬೇಕಾದ ಸುದ್ದಿ ನಿಂತುಹೋಗಿ ಆಕೆ ಕಣ್ಣಿನ ಬಲದಿಂದ ಮಾತ್ರ ನಿಂತಿದ್ದಳು ಎಂಬುದು. ಟ್ಯೂನಿಂಗ್ ಫೋರ್ಕನ್ನು ಮಿಡಿದು ಪಾದದ ಹರಡಿನ ಮೂಳೆಯ ಮೇಲಿಟ್ಟಾಗ ಆಕೆಗೆ ಕಂಪನ ತಿಳಿಯಲಿಲ್ಲ, ಮೊಣಕಾಲ ಮೂಳೆಯ ಮೇಲೂ ತಿಳಿಯಲಿಲ್ಲ. ಎದೆಯ ಮೂಳೆಯ ಮೇಲಿಟ್ಟಾಗ ಬೆಚ್ಚಿ "ಇದೇನ್ರಿ ಝೇಂಕರಸ್ತದ" ಎಂದಳು. ಅದಕ್ಕೂ ಮೊದಲು ಆಕೆಗೆ ಎರಡು ವರ್ಷ "ಶಕ್ತಿಯ ಗುಳಿಗೆ" ಎಂದು ಬರೀ ಫೋಲಿಕ್ ಆಸಿಡ್ ಕೊಡಲಾಗಿತ್ತು. ಫೋಲಿಕ್ ಆಸಿಡ್ ರಕ್ತಹೀನತೆಯನ್ನು ಸರಿಪಡಿಸಿ ಎಲ್ಲವೂ ಸರಿಹೋಯಿತೆಂದು ತೋರಿಸುತ್ತದೆ, ಒಳಗೆ ನರದ ಹಾನಿ ಮುಂದುವರಿಯುತ್ತಲೇ ಇರುತ್ತದೆ.

ಬೇಗ ಗುರುತಿಸಿ ಬಿ12 ಕೊಟ್ಟರೆ ಬಹಳಷ್ಟು ಹಿಂದಿರುಗುತ್ತದೆ, ತಡವಾದರೆ ಒಂದು ಪಾಲು ಉಳಿದುಬಿಡುತ್ತದೆ. ರಕ್ತಪರೀಕ್ಷೆ ಮಾಡಿಸಿ, ಚುಚ್ಚುಮದ್ದೋ ಗುಳಿಗೆಯೋ ಎಂಬುದನ್ನು ವೈದ್ಯರಿಂದ ತಿಳಿಯಿರಿ. ಕಾಲು ಜುಮ್ಮೆನ್ನುವುದೆಲ್ಲ ಬಿ12 ಕೊರತೆಯೇ ಅಲ್ಲ; ಸಕ್ಕರೆ ಕಾಯಿಲೆಯೂ ಅಷ್ಟೇ ಸಾಮಾನ್ಯ ಕಾರಣ.

ಕುಷ್ಠರೋಗ ಚರ್ಮದ ಕಾಯಿಲೆಯಲ್ಲವೇ? ಅದು ಈ ಪಾಠದಲ್ಲಿ ಏಕೆ ಬರುತ್ತದೆ?

ಚರ್ಮದ ಮೇಲೆ ಕಾಣುತ್ತದೆ, ಕೆಡಿಸುವುದು ನರವನ್ನು. ಗಾಲ್ಜಿ ತಮ್ಮ ಬಣ್ಣವನ್ನು ಕಂಡುಕೊಂಡ ಅದೇ 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಗುರುತಿಸಿದ ಕುಷ್ಠದ ಬ್ಯಾಕ್ಟೀರಿಯಾ ಶ್ವಾನ್ ಕೋಶದೊಳಗೆ ಹೊಕ್ಕು ಅಲ್ಲೇ ನೆಲೆಸುತ್ತದೆ. ದೇಹದ ತಂಪಾದ ಭಾಗಗಳು ಅದಕ್ಕೆ ಹಿತವಾದ್ದರಿಂದ ಚರ್ಮಕ್ಕೆ ಸಮೀಪವಿರುವ ನರಗಳು, ಮುಖ್ಯವಾಗಿ ಮೊಣಕೈಯ ಒಳಬದಿಯ ನರ, ಹಗ್ಗದಂತೆ ದಪ್ಪವಾಗಿ ಬೆರಳಿಗೆ ಸಿಗುತ್ತದೆ. ಸ್ಪರ್ಶ, ಬಿಸಿ, ನೋವು ಮೂರೂ ಹೋಗುತ್ತವೆ. ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ ಹಾಕುವ ಹೆಣ್ಣುಮಗಳ ಬೆರಳಲ್ಲಿ ಬೊಬ್ಬೆ ಎದ್ದಿದ್ದು, ಸುಟ್ಟದ್ದು ಯಾವಾಗ ಎಂದು ಕೇಳಿದರೆ ಆಕೆಗೇ ಗೊತ್ತಿಲ್ಲವೆಂದರೆ, ಆ ಕೈಯನ್ನು ಮೊಣಕೈವರೆಗೂ ಮುಟ್ಟಿ ನೋಡಬೇಕು. ಬಣ್ಣ ಮಾಸಿದ, ಸ್ಪರ್ಶವಿಲ್ಲದ ಮಚ್ಚೆಯೊಂದಿದ್ದರೂ ಸಾಕು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಬಹುಔಷಧ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ; ರೋಗದ ಬಗೆಯನ್ನು ನೋಡಿ ಆರು ಅಥವಾ ಹನ್ನೆರಡು ತಿಂಗಳು ಕೊಡುತ್ತಾರೆ. ದೇಶಮಟ್ಟದಲ್ಲಿ ರೋಗಿಗಳ ಪ್ರಮಾಣ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿದು 2005ರ ಕೊನೆಯಲ್ಲಿ ನಿರ್ಮೂಲನದ ಗುರಿ ಮುಟ್ಟಿದೆವೆಂದು ಘೋಷಿಸಿದ್ದರಿಂದ ರೋಗವೇ ಇಲ್ಲವೆಂಬ ಭಾವನೆ ಹರಡಿದೆ. ಅದು ಸರಿಯಲ್ಲ.

ಪುಣೆಗೆ ದುಡಿಯಲು ಹೋದ ಮಗನಿಗೆ ಭೇದಿಯಾಗಿ ಆಮೇಲೆ ಕಾಲು ಬಿದ್ದವು. ಇದೇನು?

ಗಿಲನ್ ಬಾರೆ ಸಿಂಡ್ರೋಮ್ ಇರಬಹುದು. 2025ರ ಆರಂಭದಲ್ಲಿ ಪುಣೆಯಲ್ಲಿ ಇದು ಒಮ್ಮೆಲೇ ಹಲವರಿಗೆ ಬಂದಾಗ ನಮ್ಮ ಊರುಗಳಲ್ಲೂ ಗಾಬರಿ ಹರಡಿತ್ತು. ಕ್ಯಾಂಪಿಲೋಬ್ಯಾಕ್ಟರ್ ಮೊದಲಾದ ಸೋಂಕು ಬಂದುಹೋದ ಒಂದೆರಡು ವಾರಗಳಲ್ಲಿ ದೇಹದ ರಕ್ಷಣಾ ವ್ಯವಸ್ಥೆ ದಾರಿತಪ್ಪಿ ಹೊರ ನರಗಳ ಮೈಲಿನ್ನಿನ ಮೇಲೆ, ಕೆಲವರಲ್ಲಿ ನೇರವಾಗಿ ತಂತುವಿನ ಮೇಲೆ, ದಾಳಿ ಮಾಡುತ್ತದೆ. ಶಕ್ತಿಹೀನತೆ ಸಾಮಾನ್ಯವಾಗಿ ಪಾದದಿಂದ ಶುರುವಾಗಿ ದಿನಗಳಲ್ಲೇ ಮೇಲೇರುತ್ತದೆ. ಉಸಿರಾಟದ ಸ್ನಾಯುಗಳಿಗೆ ಮುಟ್ಟಿದರೆ ಜೀವಕ್ಕೆ ಅಪಾಯವಾದ್ದರಿಂದ, ಲಕ್ವ ಹೊಡೆದಿದೆಯೆಂದು ನಾಟಿ ಔಷಧಿಗೆ ಕರೆದೊಯ್ದು ಎರಡು ದಿನ ಕಳೆಯಬೇಡಿ, ಉಸಿರಾಟದ ಯಂತ್ರವಿರುವ ಆಸ್ಪತ್ರೆಗೆ ಆವತ್ತೇ ಸೇರಿಸಿ. ಇಮ್ಯುನೊಗ್ಲಾಬ್ಯುಲಿನ್ ಅಥವಾ ಪ್ಲಾಸ್ಮಾ ಬದಲಾವಣೆ ಇದರ ಚಿಕಿತ್ಸೆ. ಶ್ವಾನ್ ಕೋಶಗಳು ಮೈಲಿನ್ನನ್ನು ಮತ್ತೆ ಕಟ್ಟಬಲ್ಲವಾದ್ದರಿಂದ ಹೆಚ್ಚಿನವರು ತಿಂಗಳುಗಳಲ್ಲಿ ಎದ್ದು ನಡೆಯುತ್ತಾರೆ.

ಮಲ್ಟಿಪಲ್ ಸ್ಕ್ಲಿರೋಸಿಸ್ ಇರುವ ನನ್ನ ತಂಗಿಗೆ ಬೇಸಿಗೆಯಲ್ಲಿ ಕಣ್ಣು ಮಂಜಾಗುತ್ತದೆ. ರೋಗ ಹೆಚ್ಚಾಯಿತೇ?

ಆಗಿರಲೇಬೇಕೆಂದಿಲ್ಲ. ಈ ರೋಗದಲ್ಲಿ ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರದ ಮೈಲಿನ್ ಅಲ್ಲಲ್ಲಿ ಕಿತ್ತುಹೋಗಿರುತ್ತದೆ. ಹೊದಿಕೆ ಕಳೆದುಕೊಂಡ ತಂತು ಹೇಗೋ ಕಷ್ಟಪಟ್ಟು ಸಂಜ್ಞೆ ದಾಟಿಸುತ್ತಿರುವಾಗ ದೇಹದ ಉಷ್ಣತೆ ಅರ್ಧ ಡಿಗ್ರಿ ಏರಿದರೂ ಸೋಡಿಯಂ ಬಾಗಿಲುಗಳು ಬೇಗ ಮುಚ್ಚಿ ಸಂಜ್ಞೆ ಅಲ್ಲೇ ನಿಲ್ಲುತ್ತದೆ. ಜರ್ಮನಿಯ ನೇತ್ರವೈದ್ಯ ಊಟ್‌ಹಾಫ್ 1890ರಲ್ಲಿ ವ್ಯಾಯಾಮದ ನಂತರ ದೃಷ್ಟಿ ಮಂಜಾಗುವುದನ್ನು ವಿವರಿಸಿದ್ದರಿಂದ ಇದಕ್ಕೆ ಅವರದೇ ಹೆಸರಿದೆ. ಅವರು ನೋಡಿದ್ದು ತಂಪು ದೇಶದ ರೋಗಿಗಳನ್ನು. 42 ಡಿಗ್ರಿ ದಾಟುವ ಕಲಬುರಗಿಯ ಮೇ ತಿಂಗಳಲ್ಲಿ ವ್ಯಾಯಾಮವೇನೂ ಬೇಕಿಲ್ಲ, ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಅರ್ಧ ತಾಸು ನಿಂತರೆ ಸಾಕು. ಮೈ ತಂಪಾದ ಮೇಲೆ ದೃಷ್ಟಿ ಮೊದಲಿನಂತಾಗುತ್ತದೆ. ಬಿಸಿಲ ಹೊತ್ತು ತಪ್ಪಿಸುವುದು, ಒದ್ದೆ ಬಟ್ಟೆ ಕತ್ತಿಗೆ ಹಾಕಿಕೊಳ್ಳುವುದು, ಸುಡುನೀರಿನ ಸ್ನಾನ ಬಿಡುವುದು ನೆರವಾಗುತ್ತವೆ. ತಂಪಾದರೂ ಕಡಿಮೆಯಾಗದೆ ತೊಂದರೆ ಇಪ್ಪತ್ತನಾಲ್ಕು ತಾಸು ಮೀರಿದರೆ ಅದು ಹೊಸ ದಾಳಿ ಇರಬಹುದು, ನರರೋಗ ತಜ್ಞರಿಗೆ ತೋರಿಸಬೇಕು.

ಸೋದರಮಾವನಿಗೆ ಕೊಟ್ಟು ಮದುವೆ ಮಾಡಿದ್ದರಿಂದ ಮಗುವಿನ ನರ ಕೆಟ್ಟಿತು ಎನ್ನುತ್ತಾರೆ. ಹೌದೇ?

ಎಲ್ಲ ನರದ ಕಾಯಿಲೆಗೂ ಅದೇ ಕಾರಣವಲ್ಲ. ಆದರೆ ಲ್ಯೂಕೋಡಿಸ್ಟ್ರೋಫಿ ಎಂಬ ಗುಂಪಿನ ಹಲವು ಕಾಯಿಲೆಗಳಲ್ಲಿ, ಮೈಲಿನ್ನಿನ ಕೊಬ್ಬನ್ನು ಅರಗಿಸುವ ಒಂದು ಕಿಣ್ವವೇ ಮಗುವಿಗೆ ಇರುವುದಿಲ್ಲ. ನಡೆಯಲು ಕಲಿತ ಮಗು ಮತ್ತೆ ಎಡವಲು ಶುರುಮಾಡುತ್ತದೆ, ಕಲಿತ ಮಾತನ್ನು ಮರೆಯುತ್ತದೆ. ತಂದೆ ತಾಯಿ ಇಬ್ಬರಲ್ಲೂ ಒಂದೇ ದೋಷದ ವಂಶವಾಹಿ ಇದ್ದಾಗ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಸಂಭವ ಈ ಕಾಯಿಲೆಗಿದೆ. ಒಂದೇ ಮನೆತನದೊಳಗೆ ಮದುವೆಯಾದಾಗ ಇಬ್ಬರಲ್ಲೂ ಅದೇ ದೋಷ ಇರುವ ಸಾಧ್ಯತೆ ಹೆಚ್ಚು. ಒಂದು ಮಗುವಿಗೆ ಹೀಗಾಗಿದ್ದರೆ ಮುಂದಿನ ಬಸಿರಿಗೆ ಮೊದಲೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ನಮಗೆ ಹತ್ತಿರವಾದ ಹೈದರಾಬಾದಿನ ನಿಮ್ಸ್‌ನಲ್ಲೋ ವಂಶವಾಹಿ ತಜ್ಞರನ್ನು ಕಾಣಬೇಕು. ತಾಯಿಯ ಮೇಲೆ ತಪ್ಪು ಹೊರಿಸುವುದಕ್ಕೆ ಇದರಲ್ಲಿ ಯಾವ ಆಧಾರವೂ ಇಲ್ಲ, ಬರುವುದು ಇಬ್ಬರಿಂದ.

ಸ್ಕ್ಯಾನಿನಲ್ಲಿ ಮಿದುಳಿನ ಗಡ್ಡೆ ಎಂದು ಬಂದಿದೆ. ಗ್ಲಿಯೋಮಾ ಎಂದರೆ ಇದೇನಾ?

ಗ್ಲಿಯೋಮಾ ಎಂದರೆ ಪೋಷಕ ಕೋಶಗಳ ಬಳಗದಿಂದ ಹುಟ್ಟುವ ಗಡ್ಡೆ. ಗಡ್ಡೆಯೆಲ್ಲ ಗ್ಲಿಯೋಮಾ ಅಲ್ಲ, ಕ್ಯಾನ್ಸರೂ ಅಲ್ಲ. ನಮ್ಮ ದೇಶದಲ್ಲಿ ಫಿಟ್ಸ್ ಬಂದವರ ಸ್ಕ್ಯಾನಿನಲ್ಲಿ ಕಾಣುವ ಉಂಗುರದಂಥ ಗುರುತು ಎಷ್ಟೋ ಸಲ ಕ್ಷಯದ ಗಂಟೋ ಲಾಡಿಹುಳುವಿನ ಮರಿಯೋ ಆಗಿರುತ್ತದೆ, ಎರಡಕ್ಕೂ ಔಷಧವಿದೆ. ವಯಸ್ಕರ ನರಕೋಶಗಳು ಸಾಮಾನ್ಯವಾಗಿ ವಿಭಜನೆಯಾಗುವುದಿಲ್ಲ, ಪೋಷಕ ಕೋಶಗಳ ಬಳಗ ವಿಭಜನೆಯಾಗಬಲ್ಲದು. ಆದ್ದರಿಂದ ಮಿದುಳಿನೊಳಗೇ ಹುಟ್ಟುವ ಮಾರಕ ಗಡ್ಡೆಗಳಲ್ಲಿ ಹೆಚ್ಚಿನವು ಗ್ಲಿಯೋಮಾ ಗುಂಪಿನವು. ಅವುಗಳಲ್ಲೂ ನಿಧಾನವಾಗಿ ಬೆಳೆಯುವವು ಇವೆ, ಗ್ಲಿಯೋಬ್ಲಾಸ್ಟೋಮಾದಂಥ ಉಗ್ರವಾದವೂ ಇವೆ. ಯಾವುದೆಂದು ಹೇಳುವುದು ಬಯಾಪ್ಸಿ.

ಐನ್‌ಸ್ಟೈನರ ಮಿದುಳಿನಲ್ಲಿ ಈ ಕೋಶಗಳು ಹೆಚ್ಚಿದ್ದವಂತೆ. ಬಾದಾಮಿ ತಿಂದರೆ ಹೆಚ್ಚಾಗುತ್ತವೆಯೇ?

1985ರಲ್ಲಿ ಅವರ ಮಿದುಳಿನ ನಾಲ್ಕು ಜಾಗಗಳನ್ನು ನೋಡಿ, ಒಂದರಲ್ಲಿ ಮಾತ್ರ ನರಕೋಶಕ್ಕೆ ಹೋಲಿಸಿದರೆ ಪೋಷಕ ಕೋಶಗಳು ಹೆಚ್ಚಿವೆಯೆಂದು ಬರೆದರು. ಒಂದೇ ಒಂದು ಮಿದುಳು, ಹೋಲಿಕೆಗೆ ಬೆರಳೆಣಿಕೆಯ ಮಿದುಳುಗಳು. ಅದರಿಂದ ಏನನ್ನೂ ಹೇಳಲಾಗದು. ಬಾದಾಮಿಯನ್ನು ರುಚಿಗೆ ತಿನ್ನಿ.

ಈ ಕೋಶಗಳನ್ನು ನಾವೇ ನೋಡಬೇಕೆಂದರೆ ಪ್ರಯೋಗಾಲಯದಲ್ಲಿ ಯಾವ ಸ್ಲೈಡ್ ಕೇಳಬೇಕು?

ದಿನನಿತ್ಯದ ಗುಲಾಬಿ-ನೀಲಿ ಬಣ್ಣದ ಸ್ಲೈಡಿನಲ್ಲಿ ಪೋಷಕ ಕೋಶಗಳ ಕೇಂದ್ರ ಮಾತ್ರ ಸಾಸಿವೆಯಂತೆ ಕಾಣುತ್ತದೆ, ಮೈ ಕಾಣುವುದಿಲ್ಲ. ಅದನ್ನು ನೋಡಿ ಬೇಸರಪಡಬೇಡಿ. ಆಸ್ಮಿಯಂ ಹಾಕಿದ ನರದ ಅಡ್ಡಕೊಯ್ತದ ಸ್ಲೈಡ್ ಇದ್ದರೆ ಕೇಳಿ: ಮೈಲಿನ್ ಕೊಬ್ಬಿನದಾದ್ದರಿಂದ ಕಪ್ಪಾಗಿ, ನೂರಾರು ಸಣ್ಣ ಬಳೆಗಳನ್ನು ಒತ್ತಾಗಿ ಜೋಡಿಸಿದಂತೆ ಕಾಣುತ್ತದೆ. ಬಳೆಯ ನಡುವಿನ ಮಾಸಲು ಚುಕ್ಕೆ ಆಕ್ಸಾನ್, ಅಂದರೆ ತಂತು. ಮೊದಲು ಕಡಿಮೆ ಶಕ್ತಿಯ ಮಸೂರದಲ್ಲಿ ಜಾಗ ಹಿಡಿದು, ಆಮೇಲೆ 40ರ ಮಸೂರಕ್ಕೆ ಹೋಗಿ, ದಪ್ಪ ಬಳೆಯೊಂದನ್ನೂ ತೆಳು ಬಳೆಯೊಂದನ್ನೂ ಅಕ್ಕಪಕ್ಕ ಚಿತ್ರ ಬರೆಯಿರಿ. ಅವುಗಳ ನಡುವೆ ಖಾಲಿಯಂತೆ ಕಾಣುವ ಜಾಗದಲ್ಲೇ ಮೈಲಿನ್ ಇಲ್ಲದ ತಂತುಗಳ ಕಟ್ಟುಗಳಿವೆ, ಫರಸಿಗೆ ಎಡವಿದ ಬೆರಳಿನ ಉರಿ ತಡವಾಗಿ ಬರುವುದು ಅವುಗಳ ಮೂಲಕ.